ಕಲ್ಕತ್ತೆ ನೆನಪಿಟ್ಟ ಬೆಂಗಳೂರಿನ ಅಹ್ಮದ್ ಖಾನ್

(ಕೋಲಾರ ತಾಲ್ಲೂಕಿನ ವಕ್ಕಲೇರಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ವಕ್ಕಲೇರಿ ಎಂದರೆ ಇತಿಹಾಸ ಓದಿದವರಿಗೆ ಮೊದಲು ನೆನಪಾಗುವುದು ತಾಮ್ರಪಟ. ಬಾದಾಮಿ ಚಾಲುಕ್ಯರ ಕೊನೆಯ ಅರಸು ಎರಡನೆಯ ಕೀರ್ತಿವರ್ಮ ಕ್ರಿ.ಶ. 757ರಲ್ಲಿ ಹೊರಡಿಸಿದ ಶಾಸನ ಅದು. ಅವನ ತಂದೆ ಎರಡನೆಯ ವಿಕ್ರಮಾದಿತ್ಯ ಪಲ್ಲವರನ್ನು ಸೋಲಿಸಿ ಕಂಚಿಯನ್ನು ಹೊಕ್ಕಿದ್ದು, ಊರನ್ನು ಹಾಳುಮಾಡದೆ ದೇವಾಲಯಕ್ಕೆ ಹೊನ್ನನ್ನು ಮರಳಿಸಿದ್ದು ಅದರಲ್ಲಿದೆ. ಆದರೆ ಅದರಲ್ಲಿ ದಾನವಾಗಿ ಕೊಟ್ಟ ಹಳ್ಳಿ ಹಾನಗಲ್ಲು ಸೀಮೆಯದು. ಗೆದ್ದದ್ದು ಕಂಚಿಯಲ್ಲಿ, ಕೊಟ್ಟದ್ದು ಹಾನಗಲ್ಲಿನ ಕಡೆ, ದಾಖಲೆ ಸಿಕ್ಕಿದ್ದು ನಿಮ್ಮೂರಿನಲ್ಲಿ!

ನಾನು ಮಾತನಾಡಬೇಕಾಗಿರುವುದು ಫುಟ್‌ಬಾಲ್ ಬಗ್ಗೆ. ತಾಮ್ರಪಟದಿಂದ ಆರಂಭಿಸಿದ್ದಕ್ಕೆ ಕಾರಣ, ಇದೇ ರೀತಿ ಹುಟ್ಟಿದ ಊರೊಂದು, ದಾಖಲೆ ಉಳಿದ ಊರು ಇನ್ನೊಂದು ಆಗಿರುವ ಆಟಗಾರರೊಬ್ಬರು ನಮ್ಮಲ್ಲಿದ್ದರು. ಅವರೇ ಅಹ್ಮದ್ ಖಾನ್. 1926ರ ಡಿಸೆಂಬರ್ 24ರಂದು ಬೆಂಗಳೂರಿನಲ್ಲಿ ಹುಟ್ಟಿದವರು. ಕಲ್ಕತ್ತೆಯ ಹಳೆಯ ಫುಟ್‌ಬಾಲ್ ಪ್ರೇಮಿಗಳ ಮುಂದೆ ಈ ಹೆಸರೆತ್ತಿದರೆ ಅವರ ಮುಖ ಅರಳುತ್ತದೆ. ನಮ್ಮಲ್ಲಿ ಎತ್ತಿದರೆ 'ಯಾವ ಖಾನ್?' ಎನ್ನುತ್ತಾರೆ.

ದಂಡಿನ ಊರಾದ ಬೆಂಗಳೂರಿಗೆ ಈ ಆಟ ಗೋರಾ ಸೋಲ್ಜರುಗಳ ಜೊತೆ ಬಂತು. ನಿಮ್ಮ ನೆರೆಯ ಕೆ.ಜಿ.ಎಫ್.ಗೆ ಗಣಿಯ ದೊರೆಗಳ ಜೊತೆ. ನೋಡುತ್ತ ನಿಂತವರೇ ಆಡಲು ಕಲಿತು, ಕಲಿಸಿದವರನ್ನೇ ಸೋಲಿಸತೊಡಗಿದರು. ಬ್ರಿಟಿಷ್ ಪಲ್ಟನ್ನುಗಳದೇ ಕಾರುಬಾರಾಗಿದ್ದ ಮುಂಬಯಿಯ ರೋವರ್ಸ್ ಕಪ್ಪನ್ನು 1937ರಲ್ಲಿ, ಮತ್ತೆ 1938ರಲ್ಲಿ, ಬೆಂಗಳೂರು ಮುಸ್ಲಿಮ್ಸ್ ತಂಡ ಗೆದ್ದಿತು. ಆಗ ಹುಡುಗನಾಗಿದ್ದ ಅಹ್ಮದ್ ಖಾನ್ ಮುಂದೆ ಇದೇ ತಂಡದಲ್ಲಿ ಆಡಿದರು.

ಅಂದಿನ ಆಟದಲ್ಲಿ ಮುಂಚೂಣಿಗೆ ಐದು ಜನ. ಎರಡು ಅಂಚಿನಲ್ಲಿ ಒಬ್ಬೊಬ್ಬ, ನಡುವೆ ಒಬ್ಬ, ಇವರ ಸಂದಿನಲ್ಲಿ ಇಬ್ಬರು 'ಇನ್‌ಸೈಡ್' ಆಟಗಾರರು. ಅಹ್ಮದ್ ಖಾನರದು ಎಡಗಡೆಯ ಇನ್‌ಸೈಡ್ ಸ್ಥಾನ. ಈ ಜಾಗದವನಿಗೆ ಗೋಲು ಹೊಡೆಯುವುದಕ್ಕಿಂತ ಹೊಡೆಸುವ ಕೆಲಸ ಹೆಚ್ಚು. ಹಿಂದಿನಿಂದ ಬಂದ ಚೆಂಡನ್ನು ತಡೆದು, ಮೈಮೇಲೆ ಬಿದ್ದವರನ್ನು ತಪ್ಪಿಸಿ, ಮುಂದಿನವನ ಕಾಲಿಗೆ ಒಪ್ಪಿಸಬೇಕು. ಇದನ್ನೆಲ್ಲ ಅವರು ಬರಿಗಾಲಿನಲ್ಲಿ ಮಾಡುತ್ತಿದ್ದರು. ಬರಿಗಾಲಿಗೆ ಚೆಂಡಿನ ಮೇಲೆ ಒಂದು ಹತೋಟಿ ಇರುತ್ತದೆ, ಕೈಬೆರಳಿಗೆ ರೊಟ್ಟಿಯ ಹಿಟ್ಟಿನ ಮೇಲೆ ಇರುವಂತೆ. ಅವರಿಗೆ 'ಹಾವಾಡಿಗ' ಎಂಬ ಹೆಸರು ಬಂದದ್ದು ಈ ಚಳಕದಿಂದಲೇ.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ತಂಡ ಫ್ರಾನ್ಸ್ ವಿರುದ್ಧ 1-2ರಿಂದ ಸೋತಿತು. ಸಿಕ್ಕಿದ ಎರಡು ಪೆನಾಲ್ಟಿಗಳನ್ನು ಕಳೆದುಕೊಂಡ ಸೋಲು ಅದು. ಭಾರತದ ಒಂದೇ ಗೋಲನ್ನು ಹೊಡೆದವರು ಸಾರಂಗಪಾಣಿ ರಾಮನ್. ಆ ತಂಡದಲ್ಲಿ ಅಹ್ಮದ್ ಖಾನರೂ ಇದ್ದರು.

ಮರುವರ್ಷ ಅವರು ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿಗೆ ಹೋದರು. ಇಲ್ಲಿ ಸ್ವಲ್ಪ ನಿಲ್ಲಬೇಕು. 1920ರಲ್ಲಿ ಹುಟ್ಟಿದ ಆ ಕ್ಲಬ್ಬು ಪೂರ್ವ ಬಂಗಾಳದ ಮೂಲದವರದು. ದೇಶ ಇಬ್ಭಾಗವಾದಾಗ ಮನೆ, ಹೊಲ, ಹೊಳೆ ಎಲ್ಲ ಬಿಟ್ಟು ಬಂದ ಜನ ಕಲ್ಕತ್ತೆಯ ನಿರಾಶ್ರಿತರ ಕಾಲೊನಿಗಳಲ್ಲಿ ತುಂಬಿದ್ದರು. ತಮ್ಮದು ಅಂತ ಹೇಳಿಕೊಳ್ಳಲು ಅವರಿಗೆ ಉಳಿದಿದ್ದವುಗಳಲ್ಲಿ ಈ ಕ್ಲಬ್ಬೂ ಒಂದು. ಕೋಮುದಳ್ಳುರಿಯಲ್ಲಿ ಬೆಂದು ಬಂದ, ಬಹುಪಾಲು ಹಿಂದೂಗಳಾಗಿದ್ದ ಆ ಜನ ತಲೆಯ ಮೇಲೆ ಹೊತ್ತು ಮೆರೆಸಿದ್ದು ಬೆಂಗಳೂರಿನ ಒಬ್ಬ ಮುಸಲ್ಮಾನ ಹುಡುಗನನ್ನು! ನಮ್ಮ ಇತಿಹಾಸದ ಪುಸ್ತಕಗಳಲ್ಲಿ ಇಂಥ ಸಂಗತಿಗೆ ಒಂದು ಸಾಲಾದರೂ ಜಾಗ ಇರಬೇಕಿತ್ತು.

ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೆ: ಈ ಐವರನ್ನು ಬಂಗಾಳಿಗಳು 'ಪಂಚಪಾಂಡವರು' ಎಂದು ಕರೆದರು. ಐವರೂ ದಕ್ಷಿಣದವರು. 1949, 1950, 1951, ಮೂರು ವರ್ಷ ಸತತವಾಗಿ ಐ.ಎಫ್.ಎ. ಶೀಲ್ಡ್ ಈಸ್ಟ್ ಬೆಂಗಾಲ್‌ಗೆ ಬಂತು. 1951, 1952ರಲ್ಲಿ ಡ್ಯೂರಾಂಡ್ ಕಪ್ಪೂ ಬಂತು. 1951ರಲ್ಲೇ ದೆಹಲಿಯ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನನ್ನು ಸೋಲಿಸಿ ಚಿನ್ನ ಗೆದ್ದ ಭಾರತ ತಂಡದಲ್ಲೂ ಅಹ್ಮದ್ ಖಾನ್ ಇದ್ದರು.

1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಮಾತ್ರ ಕಥೆ ಬೇರೆಯಾಯಿತು. ಬೂಟು ತೊಟ್ಟ ಯುಗೊಸ್ಲಾವಿಯದೆದುರು, ಆ ಚಳಿ ನಾಡಿನಲ್ಲಿ, ನಮ್ಮವರು 1-10ರಿಂದ ನೆಲಕಚ್ಚಿದರು. ಆ ಒಂದು ಗೋಲು ಅಹ್ಮದ್ ಖಾನರದು; ಹೊಡೆದದ್ದು 89ನೇ ನಿಮಿಷದಲ್ಲಿ. ಹತ್ತು ಗೋಲು ತಿಂದ ಮೇಲೂ ಎದುರಾಳಿಯ ಗೋಲಿನತ್ತ ಓಡುವವನ ಸ್ವಭಾವ ಎಂಥದ್ದೆಂದು ನೀವೇ ಊಹಿಸಿ. ಈ ಸೋಲಿನ ನಂತರವೇ ನಮ್ಮ ಫೆಡರೇಷನ್ ಬೂಟು ಕಡ್ಡಾಯ ಮಾಡಿತು.

ಅಂದು ಗೆದ್ದ ಯುಗೊಸ್ಲಾವಿಯ ಈಗ ಭೂಪಟದಲ್ಲಿಲ್ಲ. ಅದರೊಳಗಿದ್ದ ಕೊಸೊವೊದಲ್ಲಿ ಹೆಚ್ಚಿನವರು ಅಲ್ಬೇನಿಯನ್ ಜನ. ಅಲ್ಲಿಂದ ವಲಸೆ ಹೋದ ಕುಟುಂಬವೊಂದರ ಮಗ, 1991ರಲ್ಲಿ ಹುಟ್ಟಿದ ಜೆರ್ಡಾನ್ ಶಾಕಿರಿ, ಸ್ವಿಟ್ಜರ್ಲೆಂಡಿನ ಮುಂಚೂಣಿ ಆಟಗಾರನಾಗಿ 125 ಪಂದ್ಯ ಆಡಿದ. 2018ರ ವಿಶ್ವಕಪ್‌ನಲ್ಲಿ ಸರ್ಬಿಯ ವಿರುದ್ಧ ಗೆಲುವಿನ ಗೋಲು ಹೊಡೆದು, ಎರಡೂ ಕೈ ಜೋಡಿಸಿ ಅಲ್ಬೇನಿಯದ ಧ್ವಜದ ಗರುಡನನ್ನು ಬೀಸಿ ತೋರಿಸಿದ. ದಂಡವನ್ನೂ ತೆತ್ತ. ಅವನ ಒಂದು ಬೂಟಿನ ಮೇಲೆ ಸ್ವಿಸ್ ಬಾವುಟ, ಇನ್ನೊಂದರ ಮೇಲೆ ಕೊಸೊವೊದ ಬಾವುಟ! ಆಡುವುದು ಒಂದು ನಾಡಿಗಾಗಿ, ಬೇರಿರುವುದು ಇನ್ನೊಂದರಲ್ಲಿ ಎಂಬವರ ಇಕ್ಕಟ್ಟು ಅಲ್ಲಿ ಎಲ್ಲರ ಕಣ್ಣಿಗೂ ಬಿತ್ತು. ಅಹ್ಮದ್ ಖಾನರಿಗೆ ಬಾವುಟ ಬಿಡಿಸಿಕೊಳ್ಳಲು ಬೂಟೇ ಇರಲಿಲ್ಲ. ಅವರನ್ನು ತಮ್ಮವರೆಂದವರು ಸ್ವತಃ ಬೇರು ಕಿತ್ತು ಬಂದ ಜನ.

1959ರವರೆಗೆ, ಹತ್ತು ವರ್ಷ, ಅವರು ಈಸ್ಟ್ ಬೆಂಗಾಲ್‌ಗೆ ಆಡಿದರು. ಅರ್ಜುನ ಪ್ರಶಸ್ತಿ ಆರಂಭವಾದದ್ದು 1961ರಲ್ಲಿ. 2017ರ ಆಗಸ್ಟ್ 27ರಂದು, ತೊಂಬತ್ತರ ವಯಸ್ಸಿನಲ್ಲಿ, ಹುಟ್ಟಿದ ಬೆಂಗಳೂರಿನಲ್ಲೇ ತೀರಿಕೊಂಡರು. 1946-47ರಲ್ಲಿ ಮೈಸೂರು ಮೊದಲು ಗೆದ್ದ ಸಂತೋಷ್ ಟ್ರೋಫಿ, 1968-69ರ ನಂತರ ನಮ್ಮ ಕಡೆ ಬಂದಿರಲಿಲ್ಲ. 2023ರ ಮಾರ್ಚ್ 4ರಂದು ಕರ್ನಾಟಕ ಅದನ್ನು ಮತ್ತೆ ಗೆದ್ದಿತು. ಫೈನಲ್ ನಡೆದದ್ದು ಸೌದಿ ಅರೇಬಿಯದ ರಿಯಾದ್‌ನಲ್ಲಿ.