ನಮ್ಮ ರೊಕ್ಕ ಯಾವ ಕೆಲಸಕ್ಕೆ?

ಬೆಳಗಾವಿ ಶಹರದಿಂದ, ಖಾನಾಪುರ ತಾಲೂಕಿನ ಹಳ್ಳಿಗಳಿಂದ ಬಂದಿರುವ ಸ್ವ-ಸಹಾಯ ಸಂಘಗಳ ಅಕ್ಕ-ತಂಗಿಯರೇ,

ಮದ್ಯಪಾನ ನಿಷೇಧಕ್ಕೆ ಸರಕಾರ ಪ್ರಯತ್ನಿಸಬೇಕು ಎಂದು ಸಂವಿಧಾನದ 47ನೇ ವಿಧಿ ಹೇಳುತ್ತದೆ. 2007ರ ಜುಲೈ 1ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ಬಂದ್ ಆಯ್ತು. ಆ ಜಾಗಕ್ಕೆ ಬ್ರಾಂಡಿ, ವಿಸ್ಕಿ ಬಂತು. 2025-26ರ ಬಜೆಟ್ಟಿನಲ್ಲಿ ಅಬಕಾರಿ ಆದಾಯದ ಗುರಿ 40,000 ಕೋಟಿ ರೂಪಾಯಿ. ಯಾವ ಪಕ್ಷ ಬಂದರೂ ಇಂಥ ಗುರಿ ಇದ್ದೇ ಇದೆ. ಕುಡಿಯಬೇಡಿ ಎನ್ನುವ ಬಾಯಿಯೇ ಗುರಿ ಮುಟ್ಟಿಸಿ ಎಂದರೆ ಏನನ್ನಬೇಕು?

"ಆ ರೊಕ್ಕದಿಂದಲೇ ಗೃಹಲಕ್ಷ್ಮಿ ಬರ್ತದಲ್ರೀ ಸಿಸ್ಟರ್" ಅಂತ ಕೆಲವರು ಕೇಳ್ತೀರಿ. ಲೆಕ್ಕ ಹಾಕಿ ನೋಡಿ. ಖಾತೆಗೆ ಬರೋದು ತಿಂಗಳಿಗೆ 2,000 ರೂಪಾಯಿ. ಗಂಡ ದಿನಾ 100 ರೂಪಾಯಿ ಕುಡಿದರೆ ಹೋಗೋದು 3,000. ತಪ್ಪಿದ ಕೂಲಿ, ದವಾಖಾನೆ ಖರ್ಚು ಬೇರೆ.

2019ರ ಜನವರಿಯಲ್ಲಿ ಹಳ್ಳಿಯ ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದು ಮದ್ಯ ನಿಷೇಧ ಕೇಳಿದರು. ಸಿಗಲಿಲ್ಲ. ಹಾಗಂತ ಸುಮ್ಮನೆ ಕೂಡಬೇಕೇ?

ನಮ್ಮ ಕೈಯಲ್ಲೂ ಸಂಘದ ಉಳಿತಾಯ ಇದೆ. ಸಾಲ ಕೊಡುವಾಗ "ವಾಪಸ್ ಬರ್ತದೇನು?" ಎಂದು ಕೇಳ್ತೀವಿ. "ಯಾವ ಕೆಲಸಕ್ಕೆ?" ಎಂದೂ ಕೇಳೋಣ. ಕಿರಾಣಿ ಅಂಗಡಿಯಲ್ಲಿ ಕದ್ದು ಸೆರೆ ಮಾರುವವರು ಕಂತು ತಪ್ಪದೆ ಕಟ್ಟಬಹುದು. ಆದರೆ ಆ ಬಡ್ಡಿ ಬರೋದು ನಮ್ಮದೇ ಓಣಿಯ ಕೂಲಿಯಿಂದ. ಅಂಥ ಸಾಲ ಬೇಡ ಎಂದು ಸಂಘದಲ್ಲಿ ಠರಾವು ಮಾಡಿರಿ. ಕದ್ದು ಮಾರುವುದು ನಿಲ್ಲಬೇಕೆಂದು ಗ್ರಾಮಸಭೆಯಲ್ಲೂ ಠರಾವು ಬರೆಸಿರಿ. ಚುನಾವಣೆಯಲ್ಲಿ ಗಂಡಸರಿಗೆ ಹಂಚುವ ಬಾಟ್ಲಿ, ನಮಗೆ ಹಂಚುವ ಸೀರೆ ಎರಡನ್ನೂ ಬೇಡ ಅನ್ನಿರಿ. ಆಗ ಸುವರ್ಣ ವಿಧಾನಸೌಧದ ಮುಂದೆ ನಿಂತು ಪ್ರಶ್ನೆ ಕೇಳಲು ನಮಗೂ ಬಾಯಿ ಬರ್ತದೆ.