“ಓದಿಕೋ, ರಾಜಕೀಯ ನಿನಗೇಕೆ?”

(ಗಿರಣಿ ಕಾರ್ಮಿಕರ ವಾಚನಾಲಯದಲ್ಲಿ ಕಳೆದ ಭಾನುವಾರ ಮಾಡಿದ ಭಾಷಣ)



ನೂಲುವ ಖಾತೆಯ ಹಿರಿಯರೊಬ್ಬರು ಮೊನ್ನೆ ನನ್ನಲ್ಲಿ ಒಂದು ದೂರು ತಂದರು. ಅವರ ಮಗ ಹತ್ತನೆಯ ತರಗತಿ. ಊಟಕ್ಕೆ ಕುಳಿತರೆ ದಿಲ್ಲಿಯ ಮಾತು, ಪಾರ್ಲಿಮೆಂಟಿನ ಮಾತು, ಮಂತ್ರಿ ಮಾಡಿದ್ದು ತಪ್ಪೆಂಬ ಮಾತು. “ಮೇಷ್ಟ್ರೆ, ಅವನಿಗೆ ನಾಲ್ಕು ಬುದ್ಧಿ ಹೇಳಿ, ಪರೀಕ್ಷೆ ಮುಗಿಯುವ ತನಕವಾದರೂ ಬಾಯಿ ಮುಚ್ಚಿಕೊಂಡು ಓದಲಿ” ಎಂದರು. ಹುಡುಗನಿಗೆ ಹೇಳುವ ಬುದ್ಧಿ ನನ್ನಲ್ಲಿ ಸ್ವಲ್ಪ ಉಂಟು. ತಂದೆಗೆ ಹೇಳಬೇಕಾದದ್ದು ಅದಕ್ಕಿಂತ ಹೆಚ್ಚಿದೆ. ಅವರ ಒಪ್ಪಿಗೆ ಪಡೆದೇ ಇಲ್ಲಿ ಹೇಳುತ್ತಿದ್ದೇನೆ.

ಆ ಹುಡುಗ ಆಡುವ ಮಾತಿನಲ್ಲಿ ಅರ್ಧ ಫೋನಿನಲ್ಲಿ ಕಂಡದ್ದು, ಕಾಲು ಭಾಗ ಗೆಳೆಯರಿಂದ ಕೇಳಿದ್ದು. ಒಪ್ಪಿದೆ. ಆದರೆ ಚಹದಂಗಡಿಯಲ್ಲಿ ನಾವು ಆಡುವ ಮಾತು ಎಲ್ಲಿಂದ ಬಂದದ್ದು? ನಲವತ್ತು ವರ್ಷದವನ ಹಸಿ ಅಭಿಪ್ರಾಯಕ್ಕೆ ಮೀಸೆ ಇದೆ, ಹದಿನೈದು ವರ್ಷದವನದಕ್ಕೆ ಇಲ್ಲ, ಅಷ್ಟೇ ವ್ಯತ್ಯಾಸ.

“ರಾಜಕೀಯ ನಿನಗೇಕೆ” ಎನ್ನುತ್ತೀರಿ. 2024ರ ವೈದ್ಯಕೀಯ ಪ್ರವೇಶ ಪರೀಕ್ಷೆಯನ್ನು ನೆನಪಿಸಿಕೊಳ್ಳಿ. ಮೇ 5ರಂದು ನಡೆದ ನೀಟ್ ಪರೀಕ್ಷೆಗೆ ಇಪ್ಪತ್ತಮೂರು ಲಕ್ಷಕ್ಕೂ ಹೆಚ್ಚು ಮಕ್ಕಳು ಕುಳಿತರು. ಜೂನ್ 4ರಂದು, ಇಡೀ ದೇಶ ಲೋಕಸಭೆಯ ಮತ ಎಣಿಕೆ ನೋಡುತ್ತ ಕುಳಿತಿದ್ದ ದಿನವೇ, ಫಲಿತಾಂಶ ಬಂತು. 67 ಮಂದಿಗೆ 720ಕ್ಕೆ 720! 1,563 ಮಂದಿಗೆ ಕೃಪಾಂಕ ಕೊಟ್ಟದ್ದು ಹೊರಬಿತ್ತು. ಅದನ್ನು ಹಿಂತೆಗೆದುಕೊಂಡು ಮರುಪರೀಕ್ಷೆಗೆ ಅವಕಾಶ ಕೊಡಬೇಕಾಯಿತು. ಹಜಾರಿಬಾಗ್ ಮತ್ತು ಪಾಟ್ನಾಗಳಲ್ಲಿ ಪ್ರಶ್ನೆಪತ್ರಿಕೆ ಸೋರಿದ್ದು ನಿಜವೆಂದು ಸುಪ್ರೀಂ ಕೋರ್ಟು ಜುಲೈ 23ರಂದು ಒಪ್ಪಿತು. ದೇಶದಾದ್ಯಂತ ಸೋರಿದ್ದಕ್ಕೆ ಆಧಾರವಿಲ್ಲವೆಂದು ಇಡೀ ಪರೀಕ್ಷೆಯನ್ನು ರದ್ದು ಮಾಡಲು ಒಪ್ಪಲಿಲ್ಲ. ಅದೇ ತಿಂಗಳು ನಮ್ಮ ಕರ್ನಾಟಕದ ವಿಧಾನಸಭೆ ಈ ಪರೀಕ್ಷೆಯೇ ಬೇಡವೆಂದು ನಿರ್ಣಯ ಮಾಡಿತು.

ಹತ್ತನೆಯ ತರಗತಿಯವನು ಇನ್ನೆರಡು ವರ್ಷಕ್ಕೆ ಆ ಬಾಗಿಲಲ್ಲಿ ನಿಲ್ಲಬೇಕಾದವನು. ಅವನ ಕೋಚಿಂಗಿಗಾಗಿ ನೀವು ಸೊಸೈಟಿಯಲ್ಲಿ ಸಾಲ ಎತ್ತುತ್ತೀರಿ, ತಾಯಿಯ ಕೊರಳಿನದನ್ನು ಒತ್ತೆ ಇಡುತ್ತೀರಿ. ಪರೀಕ್ಷೆ ಯಾರು ನಡೆಸಬೇಕು, ದಿಲ್ಲಿಯೋ ರಾಜ್ಯವೋ ಎಂದು ಅವನು ಕೇಳಿದರೆ ಮಾತ್ರ “ಅದು ರಾಜಕೀಯ, ನಿನಗೆ ಬೇಡ” ಎನ್ನುತ್ತೀರಿ. ರಾಜಕೀಯವೇ ಅವನ ಪಾಟಿಚೀಲದೊಳಗೆ ಬಂದು ಕುಳಿತಿರುವಾಗ ಅವನು ಎಲ್ಲಿಗೆ ಓಡಬೇಕು?

ಅಂಗಡಿಕಾರ ಮಿತ್ರರಿಗೂ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ ನೋಟ್‌ಬುಕ್ಕು, ಪೆನ್ಸಿಲ್ಲುಗಳ ಮೇಲಿನ ಜಿ.ಎಸ್.ಟಿ. ಹನ್ನೆರಡರಿಂದ ಸೊನ್ನೆಗೆ ಇಳಿಯಿತು. ಹುಡುಗಿಯೊಬ್ಬಳು ನಿಮ್ಮ ಅಂಗಡಿಗೆ ಬಂದು “ತೆರಿಗೆ ಹೋಯಿತಂತಲ್ಲ ಅಣ್ಣ, ಬೆಲೆ ಅಷ್ಟೇ ಇಳಿಯಿತೇ?” ಎಂದು ಕೇಳಿದರೆ ಸಿಡುಕಬೇಡಿ. ಹಳೆಯ ಬಿಲ್ಲು, ಹೊಸ ಬಿಲ್ಲು ಎರಡನ್ನೂ ಅವಳ ಮುಂದಿಡಿ. ಸಗಟು ವ್ಯಾಪಾರಿ ನಿಮಗೆ ಯಾವ ದರ ಹಾಕಿದನೆಂಬುದನ್ನೂ ತೋರಿಸಿ. ಆ ತೆರಿಗೆ ನಿರ್ಧಾರವಾಗುವುದು ಕೇಂದ್ರ ಮತ್ತು ರಾಜ್ಯಗಳ ಮಂತ್ರಿಗಳು ಕೂಡಿದ ಕೌನ್ಸಿಲಿನಲ್ಲಿ ಎಂದು ಹೇಳಿ. ಅರ್ಧ ಗಂಟೆಯಲ್ಲಿ ಅವಳು ಕಲಿಯುವಷ್ಟನ್ನು ಪೌರನೀತಿಯ ಹತ್ತು ಪುಟದಲ್ಲಿ ನಾನು ಕಲಿಸಲಾರದೆ ಹೋಗುತ್ತಿದ್ದೆ. ಆಮೇಲೆ ಅವಳು ಸರ್ಕಾರವನ್ನು ಹೊಗಳಲಿ, ತೆಗಳಲಿ. ಕೈಯಲ್ಲಿ ಬಿಲ್ಲು ಇರುತ್ತದೆ.

ಕಾನೂನು ಏನು ಹೇಳುತ್ತದೆ? ಮತ ಹಾಕುವುದಕ್ಕೆ ವಯಸ್ಸಿನ ಗೊತ್ತು ಇದೆ. ಮೊದಲು ಇಪ್ಪತ್ತೊಂದಿತ್ತು; ಸಂವಿಧಾನದ 61ನೆಯ ತಿದ್ದುಪಡಿಯಿಂದ 1989ರ ಮಾರ್ಚಿನಲ್ಲಿ ಹದಿನೆಂಟಾಯಿತು. ಮಾತಿಗೆ ಅಂಥ ಗೊತ್ತು ಇಲ್ಲ. 19ನೆಯ ವಿಧಿ ವಾಕ್ ಸ್ವಾತಂತ್ರ್ಯವನ್ನು ಕೊಟ್ಟಿರುವುದು ಎಲ್ಲ ನಾಗರಿಕರಿಗೆ. ಇಷ್ಟು ವರ್ಷ ತುಂಬಿದವರಿಗೆ ಎಂದು ಅದರಲ್ಲಿ ಬರೆದಿಲ್ಲ. ಮೂರು ವರ್ಷ ಬಾಯಿಗೆ ಬೀಗ ಹಾಕಿಸಿ, ಹದಿನೆಂಟು ತುಂಬಿದ ಬೆಳಿಗ್ಗೆ “ಹೋಗಪ್ಪ, ವಿವೇಕದಿಂದ ಮತ ಹಾಕು” ಎಂದರೆ ವಿವೇಕ ಅವನಿಗೆ ಎಲ್ಲಿಂದ ಬಂದೀತು?

ಇಲ್ಲಿ ಒಂದು ಮೊಕದ್ದಮೆಯ ಕಥೆಯನ್ನು ತುಸು ವಿವರವಾಗಿ ಹೇಳುತ್ತೇನೆ, ತಾಳ್ಮೆಯಿರಲಿ. 1985ರಲ್ಲಿ ಕೇರಳದ ಒಂದು ಶಾಲೆಯಲ್ಲಿ ಒಂದೇ ಮನೆಯ ಮೂವರು ಮಕ್ಕಳಿದ್ದರು. ಹಿರಿಯವನು ಹತ್ತನೆಯ ತರಗತಿ, ತಂಗಿಯರಲ್ಲಿ ಒಬ್ಬಳು ಒಂಬತ್ತು, ಇನ್ನೊಬ್ಬಳು ಐದು. ಬೆಳಿಗ್ಗೆ ರಾಷ್ಟ್ರಗೀತೆಗೆ ಎಲ್ಲರೊಡನೆ ಮರ್ಯಾದೆಯಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ತಮ್ಮ ಧರ್ಮದ ನಂಬಿಕೆ ಒಪ್ಪುವುದಿಲ್ಲವೆಂದರು. ಯಾರಿಗೂ ತೊಂದರೆಯಿರಲಿಲ್ಲ. ಶಾಸಕರೊಬ್ಬರು ಗಮನಿಸಿ ವಿಧಾನಸಭೆಯಲ್ಲಿ ಪ್ರಶ್ನೆ ಎತ್ತಿದರು. ವಿಚಾರಣೆಗೆ ನೇಮಿಸಿದ ಆಯೋಗ, ಮಕ್ಕಳು ಕಾನೂನಿಗೆ ತಲೆಬಾಗುವವರು, ಅಗೌರವ ತೋರಿಲ್ಲ ಎಂದೇ ವರದಿ ಕೊಟ್ಟಿತು. ಆದರೂ ಮೇಲಿನವರ ಸೂಚನೆಯಂತೆ ಮೂವರನ್ನೂ ಶಾಲೆಯಿಂದ ಹೊರಹಾಕಲಾಯಿತು. ಹೈಕೋರ್ಟಿನಲ್ಲಿ ಸೋತರು. ತಂದೆ ಸುಪ್ರೀಂ ಕೋರ್ಟಿಗೆ ಹೋದರು. 1986ರ ಆಗಸ್ಟ್ 11ರಂದು ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿಯವರು ತೀರ್ಪಿತ್ತರು: ಹಾಡಲೇಬೇಕೆಂದು ಯಾವ ಕಾನೂನೂ ಹೇಳಿಲ್ಲ, ಎದ್ದು ನಿಂತ ಮಕ್ಕಳು ಅಗೌರವ ತೋರಿದಂತಾಗಲಿಲ್ಲ, ಹೊರಹಾಕಿದ್ದು ಅವರ ವಾಕ್ ಸ್ವಾತಂತ್ರ್ಯಕ್ಕೂ ಧರ್ಮ ಸ್ವಾತಂತ್ರ್ಯಕ್ಕೂ ಭಂಗ, ಮತ್ತೆ ಸೇರಿಸಿಕೊಳ್ಳಿ.

ನಾನಾದರೆ ರಾಷ್ಟ್ರಗೀತೆಯನ್ನು ಗಟ್ಟಿಯಾಗಿ ಹಾಡುವವನು. ಆ ಮಕ್ಕಳ ನಂಬಿಕೆ ನನ್ನದಲ್ಲ. ನಾನು ಗಮನಿಸಿದ್ದು ಬೇರೆ: ದೇಶದ ಅತಿ ದೊಡ್ಡ ನ್ಯಾಯಾಲಯ ಹೈಸ್ಕೂಲು ಮಕ್ಕಳ ಮನಸ್ಸಾಕ್ಷಿಯನ್ನು ದೊಡ್ಡವರದರಷ್ಟೇ ತೂಕದ್ದೆಂದು ತೂಗಿ ನೋಡಿತು. ಮತ್ತೆ, ಅವರ ಬೆನ್ನಿಗೆ ಒಬ್ಬ ತಂದೆ ನಿಂತಿದ್ದ.

ಇನ್ನು ನಮ್ಮ ಇಬ್ಬಂದಿತನ. 1942ರಲ್ಲಿ ಹುಬ್ಬಳ್ಳಿಯಲ್ಲಿ ಗುಂಡಿಗೆ ಬಲಿಯಾದ ನಾರಾಯಣ ಡೋಣಿ ಮೀಸೆ ಮೂಡದ ಹುಡುಗ. 1947ರಲ್ಲಿ ಜವಾಬ್ದಾರಿ ಸರ್ಕಾರದ ಚಳವಳಿಯಲ್ಲಿ ಮೈಸೂರಿನಲ್ಲಿ ಗುಂಡೇಟಿಗೆ ಸತ್ತ ರಾಮಸ್ವಾಮಿ ಹೈಸ್ಕೂಲು ವಿದ್ಯಾರ್ಥಿ. ಅವನ ಹೆಸರಿನ ವೃತ್ತ ಈಗಲೂ ಅಲ್ಲಿದೆ. ಇವರಿಗೆ ಮಾಲೆ ಹಾಕಿ ಭಾಷಣ ಮಾಡಿ ಮನೆಗೆ ಬಂದ ತಂದೆ, ಮಗ ಪತ್ರಿಕೆ ಹಿಡಿದರೆ ಕಸಿದುಕೊಳ್ಳುತ್ತಾನೆ! ಮಕ್ಕಳು ಗುಂಡಿಗೆ ಎದೆಯೊಡ್ಡಲಿ ಎಂದು ನಾನು ಹೇಳುತ್ತಿಲ್ಲ. ಊಟದ ಮನೆಯಲ್ಲಿ ಅವರು ಆಡುವ ಮಾತು ಕೇಳಿ ಎನ್ನುತ್ತಿದ್ದೇನೆ.

ಪಕ್ಷಗಳ ಕಡೆಗೂ ಬೆರಳು ತೋರಲೇಬೇಕು, ನಮ್ಮದನ್ನೂ ಸೇರಿಸಿಯೇ. ಹುಡುಗರ ಅಭಿಪ್ರಾಯ ಯಾರಿಗೂ ಬೇಡ, ಅವರ ಗಂಟಲು ಎಲ್ಲರಿಗೂ ಬೇಕು. ಚುನಾವಣೆ ಬಂದರೆ ಬಾವುಟ ಕೊಟ್ಟು, ಬೋಂಡ ಕೊಟ್ಟು, ಜೈಕಾರ ಹಾಕಿಸುತ್ತಾರೆ. 2024ರ ಫೆಬ್ರವರಿ 5ರಂದು ಚುನಾವಣಾ ಆಯೋಗ, ಪ್ರಚಾರದಲ್ಲಿ ಮಕ್ಕಳನ್ನು ಯಾವ ರೀತಿಯಲ್ಲೂ ಬಳಸಕೂಡದು, ಕರಪತ್ರ ಹಂಚಿಸಬಾರದು, ಘೋಷಣೆ ಕೂಗಿಸಬಾರದು ಎಂದು ಕಟ್ಟಾಜ್ಞೆ ಮಾಡಿತು. ಅದು ಒಳ್ಳೆಯ ಆಜ್ಞೆ. ನಮ್ಮ ಮೆರವಣಿಗೆಯಲ್ಲಿ ಇದು ಕಂಡರೆ ನನ್ನ ಕೈ ಹಿಡಿದು ನಿಲ್ಲಿಸಿ.

ತಂದೆತಾಯಿಯರ ಭಯ ಸುಳ್ಳೆಂದು ನಾನು ಹೇಳಲಾರೆ. ಫೋನಿನಲ್ಲಿ ಬರೆದ ಒಂದು ಸಾಲು ಪೊಲೀಸ್ ಠಾಣೆಯವರೆಗೆ ಹೋಗುವ ಕಾಲವಿದು. ಹೆಡ್‌ಮಾಸ್ಟರರು ಮುನಿದರೆ? ಮಾಲೀಕರ ಕಿವಿಗೆ ಬಿದ್ದರೆ? ಎರಡೂ ಪಕ್ಷದ ಗಿರಾಕಿಗಳನ್ನು ನಂಬಿ ಬದುಕುವ ಅಂಗಡಿಯವನ ಕಷ್ಟ ಅವನಿಗೇ ಗೊತ್ತು. ಆ ಕಾರಣಕ್ಕೇ ಹೇಳುತ್ತೇನೆ, ಹುಡುಗ ಮನೆಯಲ್ಲಿ ಮಾತಾಡಲಿ. ಮನೆಯಲ್ಲಿ ಬಾಯಿ ಮುಚ್ಚಿಸಿದರೆ ಅವನು ಮಾತು ನಿಲ್ಲಿಸುವುದಿಲ್ಲ. ಗುರುತು ಪರಿಚಯವಿಲ್ಲದವರೊಡನೆ ಫೋನಿನಲ್ಲಿ ಆಡುತ್ತಾನೆ, ಅಲ್ಲಿ ಅವನನ್ನು ತಿದ್ದುವವರು ಯಾರೂ ಇರುವುದಿಲ್ಲ. ನೀವು ಕೇಳಬೇಕಾದ ಪ್ರಶ್ನೆ ಎರಡೇ: “ಇದನ್ನು ಎಲ್ಲಿ ಓದಿದೆ?” “ಎದುರಿನವರು ಏನೆನ್ನುತ್ತಾರೆ?” ನೀವು ಹೆಚ್ಚು ಓದಿಲ್ಲವೆಂಬ ಸಂಕೋಚ ಬೇಡ. ಈ ಎರಡು ಪ್ರಶ್ನೆಗೆ ಮೆಟ್ರಿಕ್ಕೂ ಬೇಕಾಗಿಲ್ಲ.

ಮುಂದಿನ ಭಾನುವಾರ ಸಂಜೆ ಐದಕ್ಕೆ ಈ ವಾಚನಾಲಯ ಹೈಸ್ಕೂಲು ಹುಡುಗ ಹುಡುಗಿಯರಿಗೆ ತೆರೆದಿರುತ್ತದೆ. ಒಂದಕ್ಕೊಂದು ವಿರುದ್ಧ ಬರೆಯುವ ಎರಡು ದಿನಪತ್ರಿಕೆಗಳನ್ನು ಮೇಜಿನ ಮೇಲೆ ಇಟ್ಟಿರುತ್ತೇವೆ. ಒಂದೇ ಸುದ್ದಿಯನ್ನು ಎರಡರಲ್ಲೂ ಓದಿ ಅವರು ಮಾತಾಡಲಿ. ಮೊದಲ ಅರ್ಧ ಗಂಟೆ ದೊಡ್ಡವರು ಮಾತಾಡಕೂಡದು. ಈ ನಿಯಮ ಮೊದಲು ನನಗೆ ಅನ್ವಯ. ಹೆಣ್ಣುಮಕ್ಕಳನ್ನು ಕಳಿಸಲು ಹಿಂಜರಿಯುವವರು ಅವರ ತಾಯಿಯನ್ನೂ ಕರೆತನ್ನಿ. ಎರಡನೆಯ ಪಾಳಿಯವರು ಕೆಲಸಕ್ಕೆ ಹೋಗುವ ಮುಂಚೆ ಬೆಂಚುಗಳನ್ನು ಹಾಕಿಕೊಟ್ಟರೆ ಉಪಕಾರ. ಅಂಗಡಿಯವರು ನೋಟ್‌ಬುಕ್ಕಿನ ಹಳೆಯ ಬಿಲ್ಲುಗಳನ್ನು ತರಲು ಮರೆಯಬೇಡಿ.