ಹೆಸರು ಹೇಳದ ಹಾಡುಗಾರರು

(ಸಂಗೀತಾಸಕ್ತರ ಕೂಟವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಪತ್ರಿಕೋದ್ಯಮ ಡಿಪ್ಲೊಮಾ ತರಗತಿಯಲ್ಲಿ ನಮಗೆ ಮೊದಲು ಬಾಯಿಪಾಠ ಮಾಡಿಸಿದ್ದು ಆರು ಪ್ರಶ್ನೆಗಳನ್ನು. ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ. ‘ಯಾರು’ ಎಂಬುದಕ್ಕೆ ಉತ್ತರವಿಲ್ಲದ ವರದಿಯನ್ನು ಡೆಸ್ಕಿನವರು ಮುಖ ನೋಡದೆ ಹಿಂತಿರುಗಿಸುತ್ತಾರೆ. ನಾನು ಇವತ್ತು ಆರಿಸಿಕೊಂಡಿರುವುದು, ಆ ಮೊದಲ ಪ್ರಶ್ನೆಗೇ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಉತ್ತರ ಕೊಡದ ಒಂದು ಅಮೆರಿಕನ್ ರಾಕ್ ತಂಡದ ಕಥೆಯನ್ನು. ತಂಡದ ಹೆಸರು ‘ದಿ ರೆಸಿಡೆಂಟ್ಸ್’. ನಿವಾಸಿಗಳು ಎಂದರ್ಥ.

ಇವರ ಹಾಡು ಕೇಳದವರೂ ಚಿತ್ರವನ್ನು ಎಲ್ಲೋ ನೋಡಿರಬಹುದು. ನಾಲ್ವರು ಕಪ್ಪು ಕೋಟು ತೊಟ್ಟು ನಿಂತಿದ್ದಾರೆ. ತಲೆಯ ಮೇಲೆ ಎತ್ತರದ ಹ್ಯಾಟು. ಹ್ಯಾಟಿನ ಕೆಳಗೆ ತಲೆಯೇ ಇಲ್ಲ! ಅದರ ಜಾಗದಲ್ಲಿ ಒಂದೊಂದು ದೊಡ್ಡ ಕಣ್ಣುಗುಡ್ಡೆ. 1979ರ ‘ಎಸ್ಕಿಮೋ’ ಆಲ್ಬಂನ ಹೊದಿಕೆಗೆಂದು ಹಾಕಿಕೊಂಡ ಈ ವೇಷ ಅವರ ಗುರುತಾಗಿಬಿಟ್ಟಿತು.

ಅವರೇ ಹೇಳಿಕೊಂಡು ಬಂದ ಕಥೆಯ ಪ್ರಕಾರ, ಲೂಸಿಯಾನಾ ರಾಜ್ಯದ ಶ್ರೀವ್‌ಪೋರ್ಟ್ ಎಂಬ ಊರಿನ ಕೆಲವು ಗೆಳೆಯರು ಅರವತ್ತರ ದಶಕದಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ಕಡೆಗೆ ಹೊರಟರು. ವಾಹನ ಸ್ಯಾನ್ ಮಟಿಯೋದಲ್ಲಿ ಕೆಟ್ಟು ನಿಂತಿತು. ಇವರೂ ಅಲ್ಲೇ ನಿಂತರು. ವಾದ್ಯ ನುಡಿಸಲು ಯಾರಿಗೂ ಸರಿಯಾಗಿ ಬರುತ್ತಿರಲಿಲ್ಲ. ಬರುವುದಿಲ್ಲ ಎಂಬುದನ್ನೇ ಬಂಡವಾಳ ಮಾಡಿಕೊಂಡರು. 1971ರಲ್ಲಿ ವಾರ್ನರ್ ಬ್ರದರ್ಸ್ ಕಂಪನಿಗೆ ಒಂದು ಟೇಪು ಕಳುಹಿಸಿದರು. ಅದರ ಮೇಲೆ ವಿಳಾಸವಿತ್ತು, ಹೆಸರಿರಲಿಲ್ಲ. ಕಂಪನಿ ಟೇಪನ್ನು ತಿರಸ್ಕರಿಸಿ, ಲಕೋಟೆಯ ಮೇಲೆ ‘ನಿವಾಸಿಗಳಿಗೆ’ ಎಂದು ಬರೆದು ವಾಪಸು ಕಳುಹಿಸಿತು. ಹೆಸರು ಅಂಚೆಯಲ್ಲಿ ಬಂದಿತು!

ಬೇರೆ ಯಾರೂ ತೆಗೆದುಕೊಳ್ಳದಿದ್ದರೆ ನಾವೇ ಮಾಡೋಣ ಎಂದು 1972ರಲ್ಲಿ ‘ರಾಲ್ಫ್ ರೆಕಾರ್ಡ್ಸ್’ ಆರಂಭಿಸಿದರು. 1974ರ ಮೊದಲ ಆಲ್ಬಂನ ಹೊದಿಕೆಯ ಮೇಲೆ ಬೀಟಲ್ಸ್ ತಂಡದ ಆಲ್ಬಂ ಚಿತ್ರವನ್ನೇ ಗೀಚಿ ವಿಕಾರಗೊಳಿಸಿ ಅಚ್ಚು ಹಾಕಿಸಿದ್ದರು. ಮೊದಲ ವರ್ಷ ಮಾರಾಟವಾದದ್ದು ನಲವತ್ತೇ ಪ್ರತಿ ಎಂಬ ಮಾತಿದೆ. ವಿಚಿತ್ರವೆಂದರೆ, ಈ ಮುಸುಕಿನವರೇ ಬೀಟಲ್ಸ್ ಎಂದು ಮುಂದೆ ಕೆಲವರು ಗುಲ್ಲೆಬ್ಬಿಸಿದರು.

ಮುಖ ಮುಚ್ಚಿಕೊಂಡದ್ದೇಕೆ? ಇದಕ್ಕೊಂದು ಸಿದ್ಧಾಂತವಿತ್ತು. ಎನ್. ಸೆನಾಡಾ ಎಂಬ ಬವೇರಿಯಾದ ಸಂಗೀತಗಾರನದು ಎಂದು ಅವರು ಹೇಳುತ್ತಿದ್ದರು. ಅಂಥ ಮನುಷ್ಯ ಇದ್ದನೇ ಎಂಬುದೇ ಅನುಮಾನ. ಕೇಳುಗರೇನೆಂದಾರು ಎಂಬ ಯೋಚನೆ ತಲೆಗೆ ಹೊಕ್ಕ ಕೂಡಲೇ ಕಲಾವಿದನ ಕೆಲಸ ಕೆಡುತ್ತದೆ, ಆದ್ದರಿಂದ ಕತ್ತಲಲ್ಲೇ ಇರಬೇಕು ಎಂಬುದು ಅದರ ಸಾರ. 1974ರಲ್ಲಿ ‘ನಾಟ್ ಅವೈಲಬಲ್’ ಎಂಬ ಆಲ್ಬಂ ಧ್ವನಿಮುದ್ರಿಸಿ, ತಮಗೇ ಮರೆತುಹೋಗುವ ತನಕ ಹೊರಗೆ ತರಕೂಡದೆಂದು ಬೀಗ ಹಾಕಿಟ್ಟರು. ‘ಎಸ್ಕಿಮೋ’ ತಡವಾಯಿತು, ಮಾರಲು ಏನಾದರೂ ಬೇಕಾಯಿತು; 1978ರಲ್ಲಿ ಅದನ್ನೇ ಬಿಡುಗಡೆ ಮಾಡಿದರು. ಸಿದ್ಧಾಂತವೂ ಅಂಗಡಿ ಬಾಡಿಗೆ ಕಟ್ಟಲೇಬೇಕಲ್ಲ!

ನನಗೆ ಬಹಳ ಇಷ್ಟವಾದದ್ದು 1980ರ ‘ಕಮರ್ಷಿಯಲ್ ಆಲ್ಬಂ’. ಜನಪ್ರಿಯ ಗೀತೆಯಲ್ಲಿ ಪಲ್ಲವಿ, ಚರಣಗಳನ್ನು ಮತ್ತೆ ಮತ್ತೆ ಹಾಡಿ ಮೂರು ನಿಮಿಷಕ್ಕೆ ಎಳೆಯುತ್ತಾರೆ. ನಿಜವಾದ ಸರಕು ಇರುವುದು ಒಂದೇ ನಿಮಿಷದ್ದು ಎಂದು ಇವರು ಲೆಕ್ಕ ಹಾಕಿದರು. ಒಂದೊಂದು ನಿಮಿಷದ ನಲವತ್ತು ಹಾಡು ಮಾಡಿದರು. ಪೂರ್ತಿ ಹಾಡು ಬೇಕೆಂದರೆ ಒಂದನ್ನೇ ಸತತವಾಗಿ ಮೂರು ಸಲ ಹಾಕಿಕೊಳ್ಳಿ ಎಂಬ ಸೂಚನೆ ಬೇರೆ. ರೇಡಿಯೋದವರು ಇಂಥದ್ದನ್ನು ಹಾಕುವುದುಂಟೇ? ತಂಡ ಸ್ಯಾನ್‌ಫ್ರಾನ್ಸಿಸ್ಕೋದ ಕೆಎಫ್‌ಆರ್‌ಸಿ ಕೇಂದ್ರದಲ್ಲಿ ಜಾಹೀರಾತಿನ ಸಮಯವನ್ನು ದುಡ್ಡು ಕೊಟ್ಟು ಖರೀದಿಸಿ, ತಮ್ಮ ಹಾಡುಗಳನ್ನು ಜಾಹೀರಾತುಗಳಾಗಿ ಬಿತ್ತರಿಸಿತು. ಕುಚೋದ್ಯ ಹೌದು. ಆದರೆ ಆ ಹಾಡುಗಳನ್ನು ಕೇಳಿದರೆ ಕುಚೋದ್ಯಕ್ಕಿಂತ ಹೆಚ್ಚಿನ ಒಂದು ಒಂಟಿತನ ಕಿವಿಗೆ ಬೀಳುತ್ತದೆ. ಮೂಗಿನಲ್ಲಿ ಗೊಣಗುವ ದನಿ, ಆಟಿಕೆಯಂಥ ಕೀಬೋರ್ಡು, ಇನ್ನೇನು ಅರ್ಥವಾಯಿತು ಎನ್ನುವಷ್ಟರಲ್ಲಿ ಮುಗಿದೇ ಹೋಗುತ್ತದೆ.

ಆಮೇಲೆ ಬಂದದ್ದು ‘ಮೋಲ್ ಶೋ’. 1982–83ರಲ್ಲಿ ಅಮೆರಿಕ, ಯುರೋಪುಗಳಲ್ಲಿ ನಡೆದ ಪ್ರದರ್ಶನ. ನೆಲದಡಿಯಲ್ಲಿ ಬದುಕುವ ಜನ ಪ್ರವಾಹದಿಂದ ನೆಲೆ ಕಳೆದುಕೊಂಡು ಬೇರೊಂದು ನಾಡಿಗೆ ಕೂಲಿಗೆ ಹೋಗುವ ಕಥೆ. ಪ್ರೇಕ್ಷಕ ದುಡ್ಡು ಕೊಟ್ಟು ಬಂದರೆ ತಂಡ ನುಡಿಸುತ್ತಿದ್ದುದು ಪರದೆಯ ಹಿಂದೆ! ಮುಂದೆ ಜಾದೂಗಾರನಾಗಿ ಹೆಸರು ಮಾಡಿದ ಪೆನ್ ಜಿಲೆಟ್ ಅದರ ನಿರೂಪಕ. ಪ್ರದರ್ಶನವನ್ನೇ ಹೀಗಳೆಯುತ್ತ ಹೋಗುವುದು ಆತನ ಪಾತ್ರ. ಕೊನೆಗೆ ಆತನನ್ನು ಬಾಯಿ ಕಟ್ಟಿ ಗಾಲಿಕುರ್ಚಿಯಲ್ಲಿ ಕೂರಿಸಿ ತರುತ್ತಿದ್ದರು. ನಷ್ಟ ಮಾತ್ರ ನಾಟಕವಾಗಿರಲಿಲ್ಲ. ತಂಡದ ವ್ಯವಹಾರ ನೋಡಿಕೊಳ್ಳುತ್ತಿದ್ದ ‘ಕ್ರಿಪ್ಟಿಕ್ ಕಾರ್ಪೊರೇಷನ್’ನ ನಾಲ್ವರು ಪಾಲುದಾರರಲ್ಲಿ ಇಬ್ಬರು 1982ರಲ್ಲೇ ಹೊರನಡೆದಿದ್ದರು. ಪ್ರವಾಸದಿಂದ ಕೈಗೆ ಬಂದದ್ದು ಸಾಲ.

1985ರ ಡಿಸೆಂಬರ್‌ನಲ್ಲಿ ಹಾಲಿವುಡ್‌ನ ಪ್ರದರ್ಶನವೊಂದರಲ್ಲಿ ಯಾರೋ ಒಂದು ಕಣ್ಣುಗುಡ್ಡೆಯನ್ನೇ ಕದ್ದರು. ಆಗ ಅದರ ಬದಲಿಗೆ ತಲೆಬುರುಡೆಯ ಮುಖವಾಡ ಬಂತು. ಜೊತೆಗೆ ಗಿಟಾರ್ ನುಡಿಸುತ್ತಿದ್ದ ಬ್ರಿಟಿಷ್ ಕಲಾವಿದ ಸ್ನೇಕ್‌ಫಿಂಗರ್ 1987ರಲ್ಲಿ ತೀರಿಕೊಂಡರು. ತೊಂಬತ್ತರ ದಶಕದಲ್ಲಿ ತಂಡ ಸಿ.ಡಿ. ರಾಮ್‌ಗಳತ್ತ ಹೊರಳಿತು.

ಇನ್ನು ನನ್ನನ್ನು ಈ ಕಥೆಗೆ ಎಳೆದು ತಂದ ಸಂಗತಿಗೆ ಬರುತ್ತೇನೆ. ಪತ್ರಕರ್ತರು ಹೋದಾಗಲೆಲ್ಲ ಕ್ರಿಪ್ಟಿಕ್ ಕಾರ್ಪೊರೇಷನ್‌ನ ಹಾರ್ಡಿ ಫಾಕ್ಸ್ ಮತ್ತು ಹೋಮರ್ ಫ್ಲಿನ್ ತಂಡದ ಪರವಾಗಿ ಮಾತನಾಡುತ್ತಿದ್ದರು. ‘ಅವರು’ ಹಾಗೆ ಮಾಡಿದರು, ‘ಅವರಿಗೆ’ ಹೀಗನ್ನಿಸಿತು ಎನ್ನುವ ಧಾಟಿ. ಫಾಕ್ಸ್ 2015ರಲ್ಲಿ ನಿವೃತ್ತರಾದರು. 2017ರಲ್ಲಿ, ತಾನೇ ತಂಡದ ಸ್ಥಾಪಕರಲ್ಲೊಬ್ಬ, ಸಂಗೀತದ ಬಹುಪಾಲು ತನ್ನದೇ ಎಂದು ಹೇಳಿದರು. 2018ರ ಅಕ್ಟೋಬರ್‌ನಲ್ಲಿ ಮಿದುಳಿನ ಕ್ಯಾನ್ಸರ್‌ನಿಂದ ತೀರಿಕೊಂಡರು. ವಯಸ್ಸು 73.

ಯೋಚಿಸಿ. ತಾನೇ ಕಟ್ಟಿದ ರಾಗದ ಬಗ್ಗೆ ನಲವತ್ತು ವರ್ಷ ಮೂರನೆಯವನಂತೆ ಮಾತನಾಡಿದ ಮನುಷ್ಯ. ಇದು ಕಾವ್ಯನಾಮದಂಥದ್ದಲ್ಲ, ಕಾವ್ಯನಾಮದ ಹಿಂದಿನ ಹೆಸರು ಊರಿಗೆಲ್ಲ ಗೊತ್ತಿರುತ್ತದೆ. ವರದಿಗಾರನಾಗಿ ನೋಡಿದರೆ, ಫಾಕ್ಸ್ ನಮ್ಮ ಕಸುಬಿನವರಿಗೆ ಸುಳ್ಳು ಹೇಳಿದರು. ಅದನ್ನು ನಾನು ಒಪ್ಪುವುದು ಕಷ್ಟ. ಆದರೆ ಎರಡು ಕಾಲಂ ಸುದ್ದಿಗೆ ಬೈಲೈನ್ ಬರಲಿಲ್ಲವೆಂದು ಎರಡು ದಿನ ಊಟ ರುಚಿಸದ ನನ್ನಂಥವನು, ಆ ಸುಳ್ಳಿನ ಮುಂದೆ ಸ್ವಲ್ಪ ಕುಗ್ಗುತ್ತಾನೆ. ಸಾಯುವ ಮುಂಚೆ ಅವರು ಏಕೆ ಹೇಳಿದರು? ಸಿದ್ಧಾಂತ ಸಾಕಾಯಿತೇ, ಅಥವಾ ತನ್ನ ಕೆಲಸ ತನ್ನದೆಂದು ಒಂದೇ ಒಂದು ಸಲ ಹೇಳಬೇಕೆನ್ನಿಸಿತೇ? ಎರಡನೆಯದಿರಬೇಕು ಎಂದು ನನ್ನ ಊಹೆ. ಅದರಲ್ಲಿ ಸೋಲೇನೂ ನನಗೆ ಕಾಣುವುದಿಲ್ಲ.

ತಂಡ ನಿಲ್ಲಲಿಲ್ಲ. 2020ರಲ್ಲಿ ಹೊಸ ಆಲ್ಬಂ ತಂದಿತು. ಫಾಕ್ಸ್ ಹೋದ ಮೇಲೂ ಫ್ಲಿನ್ ತಂಡದ ಪರವಾಗಿ ಮಾತನಾಡುವುದನ್ನು ಮುಂದುವರಿಸಿದರು, ‘ಅವರು’ ಎಂದೇ.

ಈಗ ‘ಕಮರ್ಷಿಯಲ್ ಆಲ್ಬಂ’ನಿಂದ ಒಂದು ಹಾಡು ಹಾಕುತ್ತೇನೆ. ಒಂದು ನಿಮಿಷ ಅಷ್ಟೇ. ಅವರು ಹೇಳಿದ ಹಾಗೆ, ಮೂರು ಸಲ.